ಹೊರದೇಶದ ಹೆಲ್ತ್ ಐಡಿಯಾ ನಮ್ಮ ಕಡೆ ಬಡವರಿಗೆ ಉಪಯೋಗಕ್ಕೆ ಬರತ್ತಾ?

ಫಾರಿನ್‌ನಲ್ಲಿ ಗೆದ್ದಿರೋ ಐಡಿಯಾನ ಇಲ್ಲಿಗೆ ತಂದ್ರೆ ಬಡವರಿಗೆ ಏನಾದ್ರೂ ಸಿಗತ್ತಾ ಅಂತ ಕೇಳಿದೀರ. ಸಿಗತ್ತೆ. ನಾನು ಕೊಡಗಿನ ವಿರಾಜಪೇಟೆ ತಾಲೂಕಲ್ಲಿ ಆಶಾ ಕೆಲಸ ಮಾಡೋಳು, ಕಣ್ಣಾರೆ ಕಂಡಿದ್ದು ಒಂದು ಹೇಳ್ತೀನಿ.

ಕಾಂಗರೂ ಆರೈಕೆ ಅಂತ ಇದೆ, ತೂಕ ಕಮ್ಮಿ ಇರೋ ಮಗುನ ತಾಯಿ ಮಧ್ಯೆ ಬಟ್ಟೆ ಇಲ್ಲದೆ ಎದೆಗೆ ಒತ್ತಿಸ್ಕೊಂಡು ಮೇಲಿಂದ ಬಟ್ಟೆ ಕಟ್ಟಿ ಬೆಚ್ಚಗಿಟ್ಕೊಳ್ಳೋದು. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಎಡ್ಗರ್ ರೇ ಅನ್ನೋ ಡಾಕ್ಟರ್ ಶುರು ಮಾಡಿದ್ದು, ಯಾಕಂದ್ರೆ ಅವರ ಆಸ್ಪತ್ರೇಲಿ ಇನ್‌ಕ್ಯುಬೇಟರ್ ಸಾಲ್ತಿರ್ಲಿಲ್ಲ. ಇಲ್ಲದೋರ ಮಧ್ಯೆನೇ ಹುಟ್ಟಿದ್ದು ಅಂತ ನಂಗೆ ಇದರ ಮೇಲೆ ಜಾಸ್ತಿ ನಂಬಿಕೆ.

ಜನವರಿ, ಕಾಫಿ ಕುಯ್ಯೋ ಟೈಮು, ಲೈನ್ ಮನೇಲಿ, ಅಂದ್ರೆ ತೋಟದ ಕೂಲಿಯವರ ಸಾಲು ಮನೇಲಿ, ಒಬ್ಬಳು ಎರವರ (ಇಲ್ಲಿನ ಆದಿವಾಸಿ ಜನ) ಹುಡುಗಿ ಬಾಣಂತಿ, ಆಸ್ಪತ್ರೆಯಿಂದ ಬಂದಾಗ ಮಗು 1 ಕೆಜಿ 900. ಸೌದೆ ಒಲೆ ಹೊಗೆ, ಸಂದಿಯಿಂದ ಚಳಿ ಗಾಳಿ. ಕಾಂಗರೂ ಅಂದ್ರೆ ಅವಳಿಗೇನು ಗೊತ್ತು, ತೋಟದಲ್ಲಿ ಮಂಗ ಮರಿನ ಹೊಟ್ಟೆಗೆ ಅಪ್ಪಿಸ್ಕೊಂಡು ಹೋಗತ್ತಲ್ಲ ಹಂಗೆ ಅಂದೆ, ತಕ್ಷಣ ಅರ್ಥ ಆಯ್ತು. ಹಳೇ ಕಾಟನ್ ಸೀರೆ ಹರಿದು ಕಟ್ಟಿದ್ವಿ.

ತೊಂದರೆ ಆಮೇಲೆ ಬಂತು. ದಿನಕ್ಕೆ 8 ಗಂಟೆ ಮೇಲೆ, ಆದಷ್ಟೂ ಜಾಸ್ತಿ ಹೊತ್ತು ಎದೆ ಮೇಲೆ ಇರ್ಬೇಕು ಅಂತ ಡಬ್ಲ್ಯೂಎಚ್‌ಒ ಹೇಳತ್ತೆ, ಆದ್ರೆ ಅಡುಗೆ ನೀರು ಸೌದೆ ಎಲ್ಲಾ ಅವಳದ್ದೇ, ಕೆಜಿ ಲೆಕ್ಕದಲ್ಲಿ ಕೂಲಿ ಸಿಗೋ ಸೀಸನ್ನು, ಹದಿನೈದು ದಿನಕ್ಕೇ ಕುಯ್ಲಿಗೆ ಹೋಗ್ತೀನಿ ಅಂದ್ಲು. ಅವಳಿಗೆ ಬೈದು ಏನ್ ಪ್ರಯೋಜನ ಹೇಳಿ? ಸೀರೆ ತುಂಡು ಫ್ರೀ, ಅವಳ ದಿನ ಫ್ರೀ ಅಲ್ಲ.

ತೋಟದ ರೈಟರ್, ಅಂದ್ರೆ ಕೂಲಿ ಲೆಕ್ಕ ನೋಡ್ಕೊಳ್ಳೋರ ಹತ್ರ ಹೋಗಿ ಮಾತಾಡ್ದೆ, ಅವಳ ಅತ್ತೆಗೆ ಮಧ್ಯಾಹ್ನದ ಮೇಲೆ ಬಿಡುವು ಸಿಕ್ತು. ರಾತ್ರಿ ಗಂಡ. ಗಂಡಸರು ಮಗು ಕಟ್ಕೋಳೋದಾ ಅಂತ ಪಕ್ಕದ ಮನೆಯವರು ನಕ್ಕಿದ್ರು, ಅವನು ಮೂರು ದಿನ ಒಳಗೇ ಕೂತ್ಕೊಂಡು ಮಾಡ್ದ, ನಾಲ್ಕನೇ ದಿನ ಅಂಗಿ ಬಿಚ್ಚಿ ಮಗು ಕಟ್ಕೊಂಡು ಮೇಲೆ ಕಂಬಳಿ ಹೊದ್ದು ಬೆಂಕಿ ಹತ್ರ ಎಲ್ಲರ ಎದುರೇ ಕೂತಿದ್ದ. ಅವಳು ಕುಯ್ಲಿಗೆ ಹೋಗ್ಲಿಲ್ಲ.

ಹಂಗಾಗಿ ನೀವು ಯಾವುದೇ ಐಡಿಯಾ ತರೋದಾದ್ರೂ ಮೊದ್ಲು ಲೈನ್ ಮನೆಗೆ ಹೋಗಿ, ಇದನ್ನ ಮಾಡೋಕೆ ಯಾರ ಕೂಲಿ ಹೋಗತ್ತೆ ಅಂತ ಕೇಳಿ. 42ನೇ ದಿನದ ಭೇಟಿಗೆ ಹೋದಾಗ ಜೋಳಿಗೆ ತಕ್ಕಡೀಲಿ ಮಗುನ ತೂಗಿದೆ, 2 ಕೆಜಿ 800 ಬಂತು, ಮುಳ್ಳು ಎಲ್ಲಿ ನಿಂತಿದೆ ಅಂತ ಅಜ್ಜಿ ಎರಡು ಸಲ ಕೇಳಿದ್ರು.