ಕೇಳಿ, ಹೇಳ್ತೇನೆ: ಕೆಲಸವಿಲ್ಲದ ಕಾಲದ ಸರ್ಕಾರಿ ನಾಟಕ

ಪ್ರಶ್ನೆ: ನಮ್ಮ ನಾಟಕ ತಂಡದ ಹುಡುಗರು 1930ರ ದಶಕದ ಅಮೆರಿಕದ ಪೋಸ್ಟರುಗಳನ್ನು ಮೊಬೈಲಿನಲ್ಲಿ ತೋರಿಸಿದರು. ‘ಫೆಡರಲ್ ಥಿಯೇಟರ್’ ಎಂದು ಬರೆದಿದೆ. ಜನ ಬ್ರೆಡ್ಡಿಗೆ ಸಾಲು ನಿಂತಿದ್ದಾಗ ಸರ್ಕಾರ ನಾಟಕಕ್ಕೆ ದುಡ್ಡು ಹಾಕಿದ್ದು ಸರಿಯೇ? ಪೋಸ್ಟರಿಗೆ ಮೂರ್ನಾಲ್ಕೇ ಬಣ್ಣ ಯಾಕೆ?
– ಓದುಗರೊಬ್ಬರು, ಸಾಗರ

ಉತ್ತರ: ಆ ಸಾಲಿನಲ್ಲಿ ನಟರೂ ಇದ್ದರಲ್ಲ ಸ್ವಾಮಿ! ಲೈಟಿನವರು, ಪರದೆ ಎಳೆಯುವವರು, ವೇಷದ ಬಟ್ಟೆ ಹೊಲಿಯುವವರು, ಎಲ್ಲರೂ ಇದ್ದರು. ಮಾತಾಡುವ ಸಿನಿಮಾ ಬಂದು ನಾಟಕದವರಿಗೆ ಮೊದಲೇ ಏಟು ಬಿದ್ದಿತ್ತು. ಅದರ ಮೇಲೆ ಆರ್ಥಿಕ ಕುಸಿತ. ರೂಸ್‌ವೆಲ್ಟ್ ಸರ್ಕಾರ ಕೆಲಸ ಕೊಡಲೆಂದೇ ಡಬ್ಲ್ಯುಪಿಎ ಎಂಬ ಯೋಜನೆ ಶುರು ಮಾಡಿತು. ರಸ್ತೆ, ಸೇತುವೆಗಳ ಜೊತೆಗೆ 1935ರಲ್ಲಿ ನಾಟಕವೂ ಅದರೊಳಗೆ ಸೇರಿತು, ಅದೇ ಈ ಫೆಡರಲ್ ಥಿಯೇಟರ್. ನಡೆಸಿದವರು ಹ್ಯಾಲಿ ಫ್ಲಾನಗನ್, ಕಾಲೇಜಿನಲ್ಲಿ ನಾಟಕ ಕಲಿಸುತ್ತಿದ್ದ ಮೇಡಂ. ಜೋರಾಗಿ ನಡೆದಾಗ 12,000ಕ್ಕೂ ಜಾಸ್ತಿ ಜನ ಅಲ್ಲಿ ದುಡಿಯುತ್ತಿದ್ದರು. ನ್ಯೂಯಾರ್ಕಿನಲ್ಲಿ ವಾರದ ಸಂಬಳ 23 ಡಾಲರ್ 86 ಸೆಂಟ್. ಸಂಬಳ ಅನ್ನಿ, ಭಿಕ್ಷೆ ಅನ್ನಬೇಡಿ. ಸರಿಯೇ ಎಂದರೆ, ನನ್ನ ಮಟ್ಟಿಗೆ ನೂರಕ್ಕೆ ನೂರು ಸರಿ.

ಪೋಸ್ಟರಿನ ಗುಟ್ಟೂ ಈ ಸಂಬಳದಲ್ಲೇ ಇದೆ. ಯೋಜನೆಯ ದುಡ್ಡಿನಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಕೂಲಿಗೇ ಹೋಗಬೇಕಿತ್ತು. ಸೆಟ್ಟು, ಬಾಡಿಗೆ, ಸಾಮಾನು ಎಲ್ಲ ಉಳಿದದ್ದರಲ್ಲೇ. ಅಂದರೆ ಕೈಗಳು ಬೇಕಾದಷ್ಟು, ಸಾಮಾನಿಗೆ ಕಾಸಿಲ್ಲ. ಡಬ್ಲ್ಯುಪಿಎಯ ಪೋಸ್ಟರ್ ವಿಭಾಗದಲ್ಲಿ ಮೊದಲು ಕಲಾವಿದರು ಒಂದೊಂದನ್ನೂ ಕೈಯಲ್ಲೇ ಬರೆಯುತ್ತಿದ್ದರು. ಆಮೇಲೆ ಆಂಥನಿ ವೆಲೋನಿಸ್ ಎಂಬ ಕಲಾವಿದ ಸ್ಕ್ರೀನ್ ಪ್ರಿಂಟಿಂಗ್ ತಂದ.

ಲಗ್ನಪತ್ರಿಕೆ ಪ್ರಿಂಟ್ ಹಾಕಿಯೇ ಸಂಸಾರ ಸಾಗಿಸಿದವನು ನಾನು. ಹಾಗಾಗಿ ಆ ಪೋಸ್ಟರ್ ನೋಡಿದರೆ ನನಗೆ ಮೊದಲು ಫ್ರೇಮೇ ಕಾಣುತ್ತದೆ. ಮರದ ಚೌಕಟ್ಟಿಗೆ ರೇಷ್ಮೆ ಬಟ್ಟೆ ಬಿಗಿಯುತ್ತಾರೆ. ಬಣ್ಣ ಬೇಡದ ಕಡೆ ಮುಚ್ಚುತ್ತಾರೆ. ರಬ್ಬರ್ ಪಟ್ಟಿಯಿಂದ ಬಣ್ಣ ಎಳೆದರೆ ಕೆಳಗಿನ ಕಾಗದಕ್ಕೆ ಇಳಿಯುತ್ತದೆ. ಬಣ್ಣಕ್ಕೊಂದು ಸ್ಕ್ರೀನ್. ಒಂದು ಒಣಗಿದ ಮೇಲೇ ಇನ್ನೊಂದು. ಕೂದಲೆಳೆಯಷ್ಟು ಜರುಗಿದರೂ ಮೂಗು ಒಂದು ಕಡೆ, ಮುಖ ಇನ್ನೊಂದು ಕಡೆ! ನಾಲ್ಕನೇ ಬಣ್ಣಕ್ಕೆ ಬರುವಷ್ಟರಲ್ಲಿ ಸೊಂಟ ಹೋಗಿರುತ್ತದೆ. ಅದಕ್ಕೇ ಅಗಲಗಲ ಬಣ್ಣ, ದಪ್ಪ ಅಕ್ಷರ, ನೆರಳಿನ ಗೊಡವೆ ಇಲ್ಲ. ಕಾಗದದ ಬಿಳಿಯನ್ನೂ ಒಂದು ಬಣ್ಣವಾಗಿ ದುಡಿಸಿಕೊಂಡಿದ್ದಾರೆ, ಗಮನಿಸಿದಿರಾ?

ನಾಟಕಗಳೂ ಸಪ್ಪೆಯಾಗಿರಲಿಲ್ಲ. 1936ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕಪ್ಪು ನಟರೇ ಆಡಿದ ‘ಮ್ಯಾಕ್‌ಬೆತ್’ ನಾಟಕದ ಕಥೆ ಸ್ಕಾಟ್ಲೆಂಡ್ ಬಿಟ್ಟು ಹೈಟಿಯಂಥ ದ್ವೀಪಕ್ಕೆ ಹೋಗಿತ್ತು. ನಿರ್ದೇಶಕ ಆರ್ಸನ್ ವೆಲ್ಸ್‌ಗೆ ಆಗ 20 ವರ್ಷ! ಆದರೆ ಸರ್ಕಾರದ ದುಡ್ಡಲ್ಲಿ ಬಾಡಿಗೆ, ಬಡತನದ ಬಗ್ಗೆಯೂ ನಾಟಕ ಆಡಿದರೆ ರಾಜಕಾರಣಿಗಳು ಸುಮ್ನಿರ್ತಾರಾ? 1938ರಲ್ಲಿ ಸಂಸತ್ತಿನ ಸಮಿತಿಯೊಂದರ ವಿಚಾರಣೆಯಲ್ಲಿ ಸ್ಟಾರ್ನ್ಸ್ ಎಂಬ ಸಂಸದ, ಇಂಗ್ಲಿಷ್ ನಾಟಕಕಾರ ಮಾರ್ಲೋ ಕಮ್ಯುನಿಸ್ಟೇ ಎಂದು ಫ್ಲಾನಗನ್ ಅವರನ್ನು ಕೇಳಿದ. ಮಾರ್ಲೋ ಸತ್ತಿದ್ದು 1593ರಲ್ಲಿ. ನಗು ಬಂತು ನಿಜ, ಆದರೂ 1939ರ ಜೂನ್ 30ಕ್ಕೆ ಇಡೀ ನಾಟಕ ಯೋಜನೆಗೇ ಬೀಗ ಬಿತ್ತು.

ಡಬ್ಲ್ಯುಪಿಎಯ 900ಕ್ಕೂ ಹೆಚ್ಚು ಪೋಸ್ಟರುಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಆನ್‌ಲೈನಲ್ಲಿ ಪುಕ್ಕಟೆ ನೋಡಬಹುದು. ಹುಡುಗರಿಗೆ ಹೇಳಿ, ಮುಂದಿನ ನಾಟಕಕ್ಕೆ ಫ್ಲೆಕ್ಸ್ ಬಿಟ್ಟು ಎರಡೇ ಬಣ್ಣದಲ್ಲಿ ಸ್ಕ್ರೀನ್ ಹಾಕಿ ನೋಡಲಿ. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ.