ತೊಂಬತ್ತರ ಜಾಗದಲ್ಲಿ 0.009

ಪ್ರಶ್ನೆ: ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕ ತಂತ್ರಾಂಶದ ಆರ್ಗ್ ಮೋಡ್‌ನಲ್ಲಿ ಅಂಕಗಳ ಕೋಷ್ಟಕ ಮಾಡಿಕೊಂಡಿದ್ದೇನೆ. ಹೆಸರು, ಅಂಕ, ಗರಿಷ್ಠ, ಶೇಕಡಾ ಎಂದು ನಾಲ್ಕು ಕಾಲಂ. ಸೂತ್ರದಲ್ಲಿ ಎರಡನೆಯ ಕಾಲಂಗೆ $2, ಮೂರನೆಯದಕ್ಕೆ $3 ಎಂದು ಎಣಿಸಿ ಎಣಿಸಿ ಬೇಸತ್ತು, ಎಡಗಡೆ ಇನ್ನೊಂದು ಕಾಲಂ ಸೇರಿಸಿ, ಅಲ್ಲಿ ! ಗುರುತು ಹಾಕಿ ಕಾಲಂಗಳಿಗೆ ಹೆಸರಿಟ್ಟೆ. $ಶೇಕಡಾ=$ಅಂಕ/$ಗರಿಷ್ಠ*100 ಎಂಬ ಸೂತ್ರ ನಡೆಯಲಿಲ್ಲ. ಸೂತ್ರದ ಎಡಗಡೆ $5 ಎಂದು ಬದಲಾಯಿಸಿ, ಮೂರು ದಶಮಾಂಶ ಸ್ಥಾನ ಕೇಳಿದರೆ, 50ಕ್ಕೆ 45 ಪಡೆದವರಿಗೆ 0.009 ಬಂದಿತು! ಪೂರ್ತಿ ಕೋಷ್ಟಕವನ್ನು ಮತ್ತೆ ಲೆಕ್ಕ ಹಾಕಿಸಿದರೂ ಕೆಳಗಿನ ಎರಡು ಸಾಲು ಖಾಲಿಯೇ ಉಳಿದಿವೆ. ತಪ್ಪೆಲ್ಲಿ?

ಉತ್ತರ: ಮೊದಲು ಆ 0.009. ಇದೇ ಸೂತ್ರ ಬರೆದು ನಾನು ಒಂದು ಸಂಜೆಯನ್ನೇ ಕಳೆದುಕೊಂಡಿದ್ದೇನೆ, ಆದ್ದರಿಂದ ನಿಮ್ಮ ಪತ್ರ ಓದುವಾಗ ಸ್ವಲ್ಪ ನಗು ಬಂದಿತು, ಕ್ಷಮಿಸಿ. ಆರ್ಗ್ ಮೋಡ್ ಸ್ವತಃ ಲೆಕ್ಕ ಹಾಕುವುದಿಲ್ಲ. ಸೂತ್ರವನ್ನು ಈಮ್ಯಾಕ್ಸ್‌ನಲ್ಲೇ ಇರುವ ಕ್ಯಾಲ್ಕ್ ಎಂಬ ಕ್ಯಾಲ್ಕುಲೇಟರಿಗೆ ದಾಟಿಸುತ್ತದೆ. ಕ್ಯಾಲ್ಕ್‌ನಲ್ಲಿ ಗುಣಾಕಾರಕ್ಕೆ ಭಾಗಾಕಾರಕ್ಕಿಂತ ಹೆಚ್ಚಿನ ಮರ್ಯಾದೆ. ಶಾಲೆಯಲ್ಲಿ ನಾವು ಎಡದಿಂದ ಬಲಕ್ಕೆ ಕಲಿತೆವು. ಕ್ಯಾಲ್ಕ್ ಮಾತ್ರ 45/50*100 ಎಂಬುದನ್ನು 45/(50*100) ಎಂದು ಓದುತ್ತದೆ. 45ನ್ನು 5000ದಿಂದ ಭಾಗಿಸಿದರೆ 0.009. ಲೆಕ್ಕ ತಪ್ಪಿಲ್ಲ, ಓದಿದ ರೀತಿ ಬೇರೆ. 100*$ಅಂಕ/$ಗರಿಷ್ಠ ಎಂದು ಬರೆಯಿರಿ, 90 ಬರುತ್ತದೆ. ನಾನಂತೂ ಭಾಗಾಕಾರ ಕಂಡಲ್ಲೆಲ್ಲ ಆವರಣ ಹಾಕುತ್ತೇನೆ. ನೋಡಲು ಚೆನ್ನಾಗಿರುವುದಿಲ್ಲ, ಆದರೆ ರಾತ್ರಿ ನಿದ್ದೆ ಬರುತ್ತದೆ.

ಇನ್ನು ಹೆಸರಿನ ವಿಷಯ. ! ಸಾಲಿನಲ್ಲಿ ಕಾಲಂಗೆ ಇಟ್ಟ ಹೆಸರು ಸಮ ಚಿಹ್ನೆಯ ಬಲಗಡೆ ಮಾತ್ರ ನಡೆಯುತ್ತದೆ. ಎಡಗಡೆ ಕಾಲಂನ ಸಂಖ್ಯೆಯೇ ಬೇಕು, ಇಲ್ಲವೇ ಕೊನೆಯ ಕಾಲಂ ಎಂದು ಹೇಳುವ $>. ನಿಮ್ಮ $5 ಸರಿಯಾಗಿದೆ, ಏಕೆಂದರೆ ಗುರುತಿನ ಕಾಲಂ ಕೂಡ ಎಣಿಕೆಗೆ ಸೇರಿ, ನಾಲ್ಕನೆಯದು ಐದನೆಯದಾಗಿದೆ. ಇಡೀ ಕಾಲಂಗಲ್ಲದೆ ಒಂದೇ ಮನೆಗೆ (ಒಂದು ಸಾಲು, ಒಂದು ಕಾಲಂ ಸೇರುವ ಚೌಕಕ್ಕೆ) ಹೆಸರಿಡುವುದಾದರೆ ನಿಯಮ ಬೇರೆ: ಗುರುತಿನ ಕಾಲಂನಲ್ಲಿ ^ ಹಾಕಿದ ಸಾಲು ತನ್ನ ಮೇಲಿನ ಮನೆಗಳಿಗೆ ಹೆಸರು ಕೊಡುತ್ತದೆ, _ ಹಾಕಿದ ಸಾಲು ಕೆಳಗಿನವುಗಳಿಗೆ. ಆ ಹೆಸರುಗಳನ್ನು ಎಡಗಡೆಯೂ ಬರೆಯಬಹುದು. ಪಟ್ಟಿಯ ತಳದಲ್ಲಿ $ಸರಾಸರಿ= ಎಂದು ಬರೆಯಲು ಇದೇ ದಾರಿ. ಈ ತಾರತಮ್ಯ ನನಗೆ ಇಂದಿಗೂ ಹಿಡಿಸಿಲ್ಲ.

ಹೆಸರುಗಳನ್ನು ಇಲ್ಲಿ ಓದಲೆಂದು ಕನ್ನಡದಲ್ಲಿ ಅಚ್ಚು ಹಾಕಿದ್ದೇವೆ. ಕಡತದಲ್ಲಿ ಅವು ಇಂಗ್ಲಿಷ್ ಅಕ್ಷರದಿಂದ ಆರಂಭವಾಗಿ, ಮುಂದೆ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳಲ್ಲೇ ಇರಬೇಕು. ನಡುವೆ ಖಾಲಿ ಜಾಗ ಬೇಡ. ! ಸಾಲಿನಲ್ಲಿ ಬರೆಯುವಾಗ ಹೆಸರಿನ ಮುಂದೆ $ ಬೇಡ, ಸೂತ್ರದಲ್ಲಿ ಬೇಕು.

ಒಂದು ಆಕ್ಷೇಪವಿದೆ. ಪ್ರತಿ ಸಾಲಿನಲ್ಲೂ 50 ಎಂದು ಏಕೆ ಬರೆದಿದ್ದೀರಿ? ಎಲ್ಲರಿಗೂ ಅದೇ ಗರಿಷ್ಠವಾದರೆ ಆ ಕಾಲಂ ತೆಗೆದುಹಾಕಿ. ಗುರುತಿನ ಕಾಲಂನಲ್ಲಿ $ ಹಾಕಿದ ಒಂದು ಸಾಲು ಸೇರಿಸಿ, ಅದರ ಒಂದು ಮನೆಯಲ್ಲಿ ಗರಿಷ್ಠ=50 ಎಂದು ಬರೆಯಿರಿ. ಸೂತ್ರದ ಬಲಭಾಗ ಬದಲಾಗುವುದಿಲ್ಲ, ಎಡಗಡೆಯ $5 ಮಾತ್ರ $4 ಆಗಬೇಕು. ನಾಳೆ ಪರೀಕ್ಷೆ 75 ಅಂಕದ್ದಾದರೆ ಒಂದೇ ಕಡೆ ತಿದ್ದಿದರೆ ಸಾಕು.

ಖಾಲಿ ಉಳಿದ ಎರಡು ಸಾಲು? ಅವುಗಳ ಗುರುತಿನ ಮನೆ ನೋಡಿ, ಅದೂ ಖಾಲಿಯಾಗಿರಬೇಕು. ಗುರುತಿನ ಕಾಲಂ ಬಂದ ಮೇಲೆ, ಪೂರ್ತಿ ಕೋಷ್ಟಕದ ಮರುಲೆಕ್ಕದಲ್ಲಿ ಗುರುತಿಲ್ಲದ ಸಾಲುಗಳನ್ನು ಆರ್ಗ್ ಮುಟ್ಟುವುದಿಲ್ಲ. ಅಲ್ಲಿ * ಹಾಕಿ. # ಹಾಕಿದರೆ ಆ ಸಾಲಿನಲ್ಲಿ ಟ್ಯಾಬ್ ಒತ್ತಿದಾಗಲೂ ಲೆಕ್ಕ ತಾನಾಗಿ ಹೊಸದಾಗುತ್ತದೆ.