ಉಗಿ ಟರ್ಬೈನ್ ರೈಲಿಗೆ ಏಕೆ ಒಗ್ಗಲಿಲ್ಲ?

ಪ್ರಶ್ನೆ: ಹಡಗುಗಳನ್ನೂ ವಿದ್ಯುತ್ ಸ್ಥಾವರಗಳನ್ನೂ ನಡೆಸುವ ಉಗಿ ಟರ್ಬೈನು ಬ್ರಿಟನ್ನಿನ ರೈಲುಗಳಲ್ಲಿ ಮಾತ್ರ ಏಕೆ ನೆಲೆಯೂರಲಿಲ್ಲ? 1935ರ ‘ಟರ್ಬೊಮೋಟಿವ್’ ಎಂಜಿನ್ನಿಗೆ ಎರಡು ಟರ್ಬೈನ್ ಇದ್ದವಂತೆ. ಎರಡು ಯಾಕೆ ಬೇಕು?

ಉತ್ತರ: ಎರಡನೆಯ ಪ್ರಶ್ನೆಯಿಂದಲೇ ಶುರುಮಾಡೋಣ. ಪಿಸ್ಟನ್ ಎಂಜಿನ್ನಿನಲ್ಲಿ ಉಗಿ ಒಳಹೋಗುವ ಹೊತ್ತನ್ನು ಬದಲಿಸಿದರೆ ಅದೇ ಸಿಲಿಂಡರು ಹಿಂದಕ್ಕೂ ಎಳೆಯುತ್ತದೆ. ಟರ್ಬೈನಿನ ಅಲಗುಗಳು ಒಂದೇ ದಿಕ್ಕಿಗೆ ಬಾಗಿರುವುದರಿಂದ ಅದಕ್ಕೆ ಆ ಸೌಕರ್ಯವಿಲ್ಲ. ಹಾಗಾಗಿ ಎಂಜಿನಿಯರ್ ವಿಲಿಯಂ ಸ್ಟಾನಿಯರ್ ಬ್ರಿಟನ್ನಿನ ಎಲ್‌ಎಂಎಸ್ ರೈಲು ಕಂಪನಿಗಾಗಿ ರೂಪಿಸಿದ ಟರ್ಬೊಮೋಟಿವ್, ಅಂದರೆ 6202ನೇ ಎಂಜಿನ್ನಿನ ಎಡಬದಿಗೆ ಮುಂದಕ್ಕೆ ಓಡಿಸುವ ದೊಡ್ಡ ಟರ್ಬೈನು, ಬಲಬದಿಗೆ ಹಿಂದಕ್ಕೆ ಓಡಿಸುವ ಚಿಕ್ಕದೊಂದು. ಚಿಕ್ಕದು ಕ್ಲಚ್ ಮೂಲಕ ಕೂಡಿಕೊಳ್ಳುತ್ತಿತ್ತು; ಗಾಡಿ ಪೂರ್ತಿ ನಿಂತ ಮೇಲಷ್ಟೇ ಅದನ್ನು ಹಾಕಬಹುದಿತ್ತು.

ವೇಗದ ಹಿಡಿತವೂ ಬೇರೆ ಬಗೆಯದು. ರೆಗ್ಯುಲೇಟರನ್ನು (ಉಗಿ ಬಿಡುವ ಕವಾಟ) ಅರ್ಧ ತೆರೆದು ಓಡಿಸಿದರೆ ಉಗಿಯ ಒತ್ತಡ ಟರ್ಬೈನ್ ತಲುಪುವ ಮೊದಲೇ ಸೋತುಹೋಗುತ್ತದೆ. ಅದಕ್ಕೇ ಮುಂದಕ್ಕೆ ಓಡಿಸುವ ಟರ್ಬೈನಿಗೆ ಆರು, ಹಿಂದಕ್ಕೆ ಓಡಿಸುವುದಕ್ಕೆ ಮೂರು ನಾಜಲ್ (ಉಗಿ ಚಿಮ್ಮುವ ಮೂತಿ) ಕೊಟ್ಟಿದ್ದರು. ಚಾಲಕ ಬೇಕಾದಷ್ಟನ್ನು ಒಂದೊಂದಾಗಿ ತೆರೆಯುತ್ತಿದ್ದ. ತೆರೆದ ಪ್ರತಿ ನಾಜಲ್‌ಗೂ ಪೂರ್ಣ ಒತ್ತಡ.

ಇನ್ನು ಮೊದಲ ಪ್ರಶ್ನೆ. ಟರ್ಬೈನಿಗೆ ಹಿಡಿಸುವುದು ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡುವ ಕೆಲಸ. ಹಡಗಿಗೆ ಅದು ಸರಿ. ನಿಂತು ಹೊರಡುವ, ಏರು ಹತ್ತುವ ರೈಲಿಗೆ ಅಲ್ಲ. ಬಳಸಿದ ಉಗಿಯನ್ನು ತಣಿಸಿ ಮತ್ತೆ ನೀರಾಗಿಸುವ ಕಂಡೆನ್ಸರ್ ಇದ್ದರೆ ಟರ್ಬೈನಿನ ಲಾಭ ಹೆಚ್ಚು, ಆದರೆ ಹಡಗಿನ ಸುತ್ತ ತಣ್ಣೀರಿನ ಸಮುದ್ರವೇ ಇರುತ್ತದೆ. ರೈಲಿನಲ್ಲಿ ಅದೊಂದು ಭಾರದ ಹೊರೆ. ಜೊತೆಗೆ ಮಾಮೂಲಿ ಎಂಜಿನ್ನಿನಲ್ಲಿ ಚಿಮಣಿಗೆ ನುಗ್ಗುವ ಉಗಿಯೇ ಬೆಂಕಿಗೆ ಗಾಳಿ ಎಳೆಯುತ್ತದೆ; ಕಂಡೆನ್ಸರ್ ಇದ್ದರೆ ಉಗಿ ಅತ್ತ ಹೋಗದ ಕಾರಣ ಅದಕ್ಕೆ ಬೇರೆ ಫ್ಯಾನ್ ಬೇಕು. 1920ರ ದಶಕದ ಬ್ರಿಟಿಷ್ ಪ್ರಯೋಗಗಳು ಬಹುಪಾಲು ಈ ಜಂಜಾಟದಲ್ಲೇ ಮುಗಿದವು. ಸ್ಟಾನಿಯರ್ ಸ್ವೀಡನ್ನಿನ ಮಾದರಿ ನೋಡಿ ಕಂಡೆನ್ಸರನ್ನೇ ಕೈಬಿಟ್ಟರು. ನಮ್ಮ ಲೆಕ್ಕದಲ್ಲಿ ಅವರ ಅತ್ಯಂತ ಜಾಣ ನಿರ್ಧಾರ ಅದೇ.

ಫಲ ಕಂಡಿತು. ಹಿಂದೆಮುಂದೆ ಬಡಿಯುವ ಪಿಸ್ಟನ್ ಇಲ್ಲದ್ದರಿಂದ ಹಳಿಗೆ ಬೀಳುವ ಹೊಡೆತ ತಗ್ಗಿತು. ಲಂಡನ್–ಲಿವರ್‌ಪೂಲ್ ನಡುವೆ ಅದು ಭಾರಿ ಗಾಡಿಗಳನ್ನು ವರ್ಷಗಟ್ಟಲೆ ಎಳೆಯಿತು. ಆದರೆ ಚಿಮಣಿಯಿಂದ ಬರುವ ಉಗಿ ಮೆದುವಾಗಿ ಹೊಗೆ ಚಾಲಕನ ಕಣ್ಣಿಗೆ ಅಡ್ಡ ಬರತೊಡಗಿತು. 1939ರಲ್ಲಿ ಹೊಗೆಯನ್ನು ಮೇಲೆತ್ತುವ ತಗಡುಗಳನ್ನು ಕಟ್ಟಬೇಕಾಯಿತು. ಎಣ್ಣೆ ಸೋರಿಕೆ ಮತ್ತೆಮತ್ತೆ ಕಾಡಿತು. ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ, ಆ ಬಗೆಯದು ಅದೊಂದೇ. ಬೇರೆ ಎಂಜಿನ್ನಿಗಾದರೆ ಶೆಡ್ಡಿನಲ್ಲೇ ಬಿಡಿಭಾಗ ಸಿಗುತ್ತಿತ್ತು. ಇದರದು ಕೆಟ್ಟರೆ ಹೊಸದಾಗಿ ಮಾಡಿಸಬೇಕು, ಅಲ್ಲಿಯವರೆಗೆ ಎಂಜಿನ್ ಕಾರ್ಖಾನೆಯಲ್ಲೇ.

ಯುದ್ಧದ ನಂತರ ಹೊಸ ಟರ್ಬೈನಿಗೆ ಹಣ ಸುರಿಯುವ ಬದಲು ಅದನ್ನು 1952ರಲ್ಲಿ ಮಾಮೂಲಿ ಸಿಲಿಂಡರ್ ಎಂಜಿನ್ನಾಗಿ ಮಾರ್ಪಡಿಸಿ ‘ಪ್ರಿನ್ಸೆಸ್ ಆ್ಯನ್’ ಎಂದು ಹೆಸರಿಟ್ಟರು. ಅದೇ ವರ್ಷ ಅಕ್ಟೋಬರ್ 8ರಂದು ಲಂಡನ್ ಬಳಿಯ ಹ್ಯಾರೋ ರೈಲು ಅಪಘಾತದಲ್ಲಿ ದುರಸ್ತಿ ಮೀರಿ ಜಖಂಗೊಂಡಿತು. ಟರ್ಬೈನ್ ಎಂಜಿನ್ ಅಪಘಾತಕ್ಕೀಡಾಯಿತು ಎಂದು ಕೆಲವರು ಬರೆಯುವುದುಂಟು. ಆಗ ಅದರೊಳಗೆ ಟರ್ಬೈನೇ ಇರಲಿಲ್ಲ.